ಟರ್ಬೊ ಕಾರಿನ ಮಿಸ್ಸಿಂಗ್: ಅಳೆದರೆ ₹4,100, ಊಹಿಸಿದರೆ ₹12,200

ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲಿ 1,500 ಸಲ ಕಿಡಿ ಹಾರಬೇಕು. ಮೂರೂ ಸೇರಿ 4,500. ಕಿಡಿ ಹಾರದಿದ್ದರೆ, ಅಥವಾ ಹಾರಿಯೂ ಒಳಗಿನ ಇಂಧನ ಹೊತ್ತಿಕೊಳ್ಳದಿದ್ದರೆ ಅದು ಮಿಸ್‌ಫೈರ್. ಗ್ಯಾರೇಜಿನ ಮಾತಿನಲ್ಲಿ ‘ಗಾಡಿ ಮಿಸ್ಸಿಂಗ್ ಹೊಡೀತಿದೆ’. ನೂರಕ್ಕೆ ಎರಡು ಕಿಡಿ ತಪ್ಪಿದರೂ ನಿಮಿಷಕ್ಕೆ 90 ಆಗುತ್ತವೆ. ಒಂದು ಸಿಲಿಂಡರ್ ಪೂರ್ತಿ ನಿಂತರೆ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಶೇ 25ರಷ್ಟು ನಷ್ಟ, ಮೂರು ಸಿಲಿಂಡರಿನದಕ್ಕೆ ಶೇ 33.

ಮೂರು ಸಿಲಿಂಡರಿನ ಚಿಕ್ಕ ಟರ್ಬೊ ಎಂಜಿನ್ ನಮ್ಮ ರಸ್ತೆಗಳಲ್ಲಿ ಹೆಚ್ಚಿದ್ದಕ್ಕೆ ತೆರಿಗೆಯ ಲೆಕ್ಕ ಒಂದು ಮುಖ್ಯ ಕಾರಣ. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1,200 ಸಿ.ಸಿ. ಮೀರದ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 21ರವರೆಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 29 ತೆರಿಗೆ ಇತ್ತು. ಆ ಮಿತಿ ದಾಟಿದರೆ ಶೇ 45, ದೊಡ್ಡ ಎಸ್‌ಯುವಿಗೆ ಶೇ 50. ಸೆಪ್ಟೆಂಬರ್ 22ರಿಂದ ಚಿಕ್ಕದಕ್ಕೆ ಶೇ 18, ದೊಡ್ಡದಕ್ಕೆ ಶೇ 40. ಅಂತರ 16 ಅಂಶದಿಂದ 22 ಅಂಶಕ್ಕೆ ಹಿಗ್ಗಿತು. ಟಾಟಾ ನೆಕ್ಸಾನ್ 1,199 ಸಿ.ಸಿ., ಹ್ಯುಂಡೈ ವೆನ್ಯೂ ಮತ್ತು ಮಾರುತಿ ಫ್ರಾಂಕ್ಸ್ ಟರ್ಬೊ 998 ಸಿ.ಸಿ., ನಿಸ್ಸಾನ್ ಮ್ಯಾಗ್ನೈಟ್ 999 ಸಿ.ಸಿ. ಎಲ್ಲವೂ ಗೆರೆಯ ಒಳಗಡೆಯೇ ಇವೆ, ಎಲ್ಲಕ್ಕೂ ಸಿಲಿಂಡರ್ ಮೂರೇ. 2020ರ ಏಪ್ರಿಲ್ 1ರಂದು ಹೊಗೆಯ ಮಿತಿ ಬಿಗಿಗೊಳಿಸಿದ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಡೀಸೆಲ್ ಕಾರಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗೂ ಇರಲಿಲ್ಲ, ಅದಕ್ಕೆ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್ಲೂ ಇರಲಿಲ್ಲ. ಹೊಸಪೇಟೆಯಿಂದ ಹಂಪಿಗೆ, ಸಂಡೂರಿಗೆ, ಕಂಪ್ಲಿಗೆ ಡೀಸೆಲ್ ಕಾರು ಓಡಿಸಿ ರೂಢಿಯಾದವರಿಗೆ ಇವೆರಡೂ ಹೊಸ ಖರ್ಚು.

ಆ ಖರ್ಚು ಈಗ ಸ್ವಲ್ಪ ಇಳಿದಿದೆ. ವಾಹನದ ಬಿಡಿಭಾಗಗಳ ಜಿಎಸ್‌ಟಿ ಅದೇ ಸೆಪ್ಟೆಂಬರ್ 22ರಂದು ಶೇ 28ರಿಂದ ಶೇ 18ಕ್ಕೆ ಬಂತು. ತೆರಿಗೆಗೆ ಮುನ್ನ ₹3,000 ಬೆಲೆಯ ಕಾಯಿಲ್ ಮೊದಲು ₹3,840 ಬೀಳುತ್ತಿತ್ತು, ಈಗ ₹3,540. ಉಳಿತಾಯ ₹300, ಅಂದರೆ ಶೇ 7.8. ತಪ್ಪು ಭಾಗ ಬದಲಿಸಿದರೆ ಆಗುವ ನಷ್ಟದ ಮುಂದೆ ಇದು ಸಣ್ಣ ಮೊತ್ತ.

ಮುಂದಿನ ಲೆಕ್ಕಕ್ಕೆ ತೆರಿಗೆ ಬಿಟ್ಟು ಹಿಡಿದುಕೊಂಡ ದರಗಳು ಇವು: ಇರಿಡಿಯಂ ಪ್ಲಗ್ ಒಂದಕ್ಕೆ ₹700, ಕಾಯಿಲ್ ಒಂದಕ್ಕೆ ₹3,000, ಸ್ಕ್ಯಾನರ್ ಹಾಕಿ ನೋಡಲು ₹500, ಕೂಲಿ ₹600. ಮಾಡೆಲ್ ಬದಲಾದಂತೆ ಇವೂ ಬದಲಾಗುತ್ತವೆ. ಓದುಗರು ತಮ್ಮ ಬಿಲ್ಲಿನ ಅಂಕಿ ಹಾಕಿ ನೋಡಿದರೂ ಅನುಪಾತ ಹೆಚ್ಚು ಕದಲುವುದಿಲ್ಲ. ಸ್ಕ್ಯಾನ್ ಮಾಡಿಯೂ ಯಾವ ಭಾಗ ಕೆಟ್ಟಿದೆ ಎಂದು ಪರೀಕ್ಷಿಸದೆ ಮೂರು ಪ್ಲಗ್, ಮೂರು ಕಾಯಿಲ್ ಬದಲಿಸಿದರೆ 2,100 + 9,000 + 500 + 600, ಒಟ್ಟು ₹12,200. ಕೆಟ್ಟಿರುವ ಒಂದು ಕಾಯಿಲ್ ಯಾವುದೆಂದು ಕಂಡುಹಿಡಿದು ಅದನ್ನಷ್ಟೇ ಬದಲಿಸಿದರೆ ₹4,100, ಮೊದಲನೆಯದರ ಶೇ 34. ಪ್ಲಗ್ಗುಗಳ ಆಯಸ್ಸು ಮುಗಿದಿದ್ದರೆ ಅವನ್ನು ಮೂರೂ ಒಟ್ಟಿಗೇ ಬದಲಿಸಬೇಕು. ಆಗ ₹6,200, ಶೇ 51. ಇಷ್ಟಾಗಿಯೂ ಊಹೆಯ ದಾರಿ ಹಿಡಿದವರಿಗೆ ದೋಷ ಹೋಗುತ್ತದೆಂಬ ಖಾತ್ರಿ ಇಲ್ಲ. ದೋಷ ಇಂಜೆಕ್ಟರಿನಲ್ಲೋ ವೈರಿನಲ್ಲೋ ಇದ್ದರೆ ₹12,200 ಕೊಟ್ಟ ಮೇಲೂ ಗಾಡಿ ಮಿಸ್ಸಿಂಗ್ ಹೊಡೆಯುತ್ತಲೇ ಇರುತ್ತದೆ. ಸಾಲದ ಕಂತು ಕಟ್ಟುತ್ತ ಕಾರು ಓಡಿಸುವವರ ಕೈಯಿಂದ ಹೋಗುವ ಹಣ ಇದು. ಈ ವರದಿ ಬರೆದದ್ದೂ ಆ ಕಾರಣಕ್ಕೇ.

ಟರ್ಬೊ ಕಾರಿನಲ್ಲಿ ಊಹೆ ಹೆಚ್ಚು ತಪ್ಪುವುದಕ್ಕೆ ಕಾರಣ ಒತ್ತಡ. ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಗಾಳಿ ಒಳಹೋಗುವ ಕೊಳವೆಯಲ್ಲಿ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ, ಒತ್ತಡ ಸುಮಾರು 35 ಕಿಲೊಪಾಸ್ಕಲ್. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಪೂರ್ತಿ ಎಳೆಯುವಾಗ ಅದು 180 ಆಗಬಹುದು, ಅಂದರೆ ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅನಿಲದ ಒತ್ತಡ ಏರಿದಷ್ಟೂ ಅದರಲ್ಲಿ ಕಿಡಿ ಹಾಯಿಸಲು ಬೇಕಾದ ವೋಲ್ಟೇಜ್ ಏರುತ್ತದೆ. ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಕ್ ಪಾಶೆನ್ 1889ರಲ್ಲಿ ನಿರೂಪಿಸಿದ ನಿಯಮ ಇದು. ಒತ್ತಡ ಮತ್ತು ಅಂತರದ ಗುಣಲಬ್ಧವೇ ಬೇಕಾದ ವೋಲ್ಟೇಜನ್ನು ತೀರ್ಮಾನಿಸುತ್ತದೆ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ 20,000ದಿಂದ 40,000 ವೋಲ್ಟಿಗೆ ಏರಿಸುತ್ತದೆ. ಬೇಡಿಕೆ ಆ ಮೇಲಿನ ಮಿತಿಯನ್ನು ಮುಟ್ಟಿದಾಗ ಕಿಡಿ ತಪ್ಪುತ್ತದೆ.

ಆದ್ದರಿಂದಲೇ ಟರ್ಬೊ ಎಂಜಿನ್ನಿನ ಪ್ಲಗ್ಗಿನ ಬಾಯಿ ಕಿರಿದು. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ 1.0ರಿಂದ 1.1 ಮಿ.ಮೀ. ಅಂತರ ಸಾಮಾನ್ಯ, ಟರ್ಬೊದಲ್ಲಿ 0.6ರಿಂದ 0.8. ಓಡಿದಂತೆ ಲೋಹ ಸವೆದು ಬಾಯಿ ಅಗಲವಾಗುತ್ತದೆ. 0.7 ಇದ್ದದ್ದು 0.9 ಆದರೆ ಹೆಚ್ಚಳ ಶೇ 29, ವೋಲ್ಟೇಜಿನ ಬೇಡಿಕೆಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಿಂತ ಗಾಡಿಯಲ್ಲಿ ಈ ಏರಿಕೆಯನ್ನು ಕಾಯಿಲ್ ನುಂಗಿಕೊಳ್ಳುತ್ತದೆ. ಚಡಾವಿನಲ್ಲಿ ಒತ್ತಡ ಐದು ಪಟ್ಟಾದಾಗ ಅದಕ್ಕೆ ಆಗುವುದಿಲ್ಲ. ಗ್ಯಾರೇಜಿನ ಅಂಗಳದಲ್ಲಿ ಹದವಾಗಿ ಓಡುವ ಕಾರು ಗುಡ್ಡ ಹತ್ತುವಾಗ ಜರ್ಕ್ ಹೊಡೆಯುವುದಕ್ಕೆ ಇದೊಂದು ವಿವರಣೆ. ಬೇರೆ ಕಾರಿನಿಂದ ತೆಗೆದ 1.1 ಮಿ.ಮೀ. ಪ್ಲಗ್ಗನ್ನು ಟರ್ಬೊ ಎಂಜಿನ್ನಿಗೆ ಹಾಕಿದರೆ ಬೇಡಿಕೆ ಮೊದಲ ದಿನದಿಂದಲೇ ಶೇ 57 ಹೆಚ್ಚು.

ಹಾಗಾಗಿ ಪರೀಕ್ಷೆಯ ಓಟ ಎಲ್ಲಿ ಎಂಬುದೂ ಲೆಕ್ಕದ ವಿಷಯ. ಜನರು ಕೂತ ಕಾರಿನ ತೂಕ 1,500 ಕೆ.ಜಿ. ಎಂದಿಟ್ಟುಕೊಳ್ಳೋಣ. ಕಂಪ್ಲಿ ಕಡೆಯ ಕಾಲುವೆ ಬಯಲಿನ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗ ಹಿಡಿದು ಓಡಲು ಚಕ್ರಕ್ಕೆ ಬೇಕಾದ ಶಕ್ತಿ ಸುಮಾರು 5 ಕಿಲೊವ್ಯಾಟ್. ನೂರು ಮೀಟರಿಗೆ ಐದು ಮೀಟರ್ ಏರುವ ಚಡಾವಿನಲ್ಲಿ ಅದೇ ವೇಗಕ್ಕೆ ಇನ್ನೂ 12 ಕಿಲೊವ್ಯಾಟ್ ಬೇಕು, ಒಟ್ಟು 17. ಅದು 3.4 ಪಟ್ಟು. ಚಡಾವಿನಲ್ಲಿ ಮಾತ್ರ ಕಾಣುವ ದೋಷವನ್ನು ಕಂಪ್ಲಿ ರಸ್ತೆಯಲ್ಲಿ ಎಷ್ಟು ಹುಡುಕಿದರೂ ಸಿಗದು. ಸ್ಕ್ಯಾನರ್ ಸಿಕ್ಕಿಸಿಕೊಂಡು ಸಂಡೂರಿನ ಗುಡ್ಡದ ರಸ್ತೆಯಲ್ಲಿ ಏರಿಸಿ ನೋಡಬೇಕು. ಒಬ್ಬರು ಓಡಿಸಬೇಕು, ಅಂಕಿ ಓದುವವರು ಬೇರೆಯವರೇ ಆಗಿರಬೇಕು.

ಎತ್ತರವೂ ಬಿಸಿಲೂ ಈ ಹೊರೆಗೆ ಸೇರುತ್ತವೆ. ಹೊಸಪೇಟೆ ಸಮುದ್ರಮಟ್ಟದಿಂದ ಸುಮಾರು 480 ಮೀಟರ್ ಮೇಲಿದೆ. ಸಮುದ್ರಮಟ್ಟದಲ್ಲಿ 101.3 ಕಿಲೊಪಾಸ್ಕಲ್ ಇರುವ ಗಾಳಿಯ ಒತ್ತಡ ಇಲ್ಲಿ 95.7ರ ಹತ್ತಿರ. ಸಂಡೂರು ಬೆಟ್ಟಸಾಲಿನ 1,000 ಮೀಟರ್ ಎತ್ತರದಲ್ಲಿ 89.9. ಒಳಗೆ 180 ಕಿಲೊಪಾಸ್ಕಲ್ ಕೊಡಲು ಟರ್ಬೊ ಕರಾವಳಿಯಲ್ಲಿ ಗಾಳಿಯನ್ನು 1.78 ಪಟ್ಟು ಒತ್ತಬೇಕು, ಹೊಸಪೇಟೆಯಲ್ಲಿ 1.88, ಬೆಟ್ಟದ ಮೇಲೆ 2.00. ಒತ್ತಿದ ಗಾಳಿ ಕಾಯುತ್ತದೆ. 42 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಶೇ 70ರ ದಕ್ಷತೆಯ ಟರ್ಬೊ ಎರಡು ಪಟ್ಟು ಒತ್ತಿದರೆ ಅದು ಸುಮಾರು 140 ಡಿಗ್ರಿಗೆ ಏರುತ್ತದೆ. ಅದನ್ನು ತಣಿಸುವುದು ಇಂಟರ್‌ಕೂಲರ್. ಬಹಳಷ್ಟು ಕಾರುಗಳಲ್ಲಿ ಇದು ಮುಂಭಾಗದಲ್ಲೇ ಇರುವ, ರೇಡಿಯೇಟರಿನಂಥ ಭಾಗ. ಸಂಡೂರು ಗಣಿಗಳ ಅದಿರಿನ ಕೆಂಪು ಕೆಸರು ಮೆತ್ತಿಕೊಂಡು ಗಾಳಿ 60 ಡಿಗ್ರಿಯ ಬದಲು 80ರಲ್ಲಿ ಎಂಜಿನ್ನಿಗೆ ಹೋದರೆ ಅದರ ಸಾಂದ್ರತೆ ಶೇ 6ರಷ್ಟು ಇಳಿಯುತ್ತದೆ. ಬಿಸಿ ಗಾಳಿಯಲ್ಲಿ ಇಂಧನ ತಾನೇ ಸಿಡಿಯುವ ಅಪಾಯ ಇರುವುದರಿಂದ ಎಂಜಿನ್ನಿನ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ. ಓಡಿಸುವವರಿಗೆ ಅದು ಪಿಕಪ್ ಕಡಿಮೆಯಾದಂತೆ ತೋರುತ್ತದೆ. ಇದು ಮಿಸ್‌ಫೈರ್ ಅಲ್ಲ. ಕಡಿಮೆ ಒತ್ತಡದ ನೀರಿನಲ್ಲಿ ತೊಳೆದರೆ ಸಾಕು, ಪ್ಲಗ್ ಮುಟ್ಟಬೇಕಿಲ್ಲ.

ಕಾಯಿಲ್ಲಿಗೆ ಬಿಸಿಯೇ ದೊಡ್ಡ ಶತ್ರು. ಪತ್ತೆ ಹೆಚ್ಚು ತಪ್ಪುವುದೂ ಇಲ್ಲೇ. ತಾಮ್ರದ ವಿದ್ಯುತ್ ಪ್ರತಿರೋಧ ಪ್ರತಿ ಡಿಗ್ರಿಗೆ ಶೇ 0.39ರಂತೆ ಏರುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ ಅಳೆದ ಕಾಯಿಲ್ ಎಂಜಿನ್ನಿನ ಮೇಲೆ 125 ಡಿಗ್ರಿಗೆ ಕಾದಾಗ ಅದರ ಪ್ರತಿರೋಧ ಶೇ 39 ಹೆಚ್ಚಿರುತ್ತದೆ. ಕಾಯಿಲ್ಲಿನಲ್ಲಿ ಸಂಗ್ರಹವಾಗುವ ಶಕ್ತಿ ವಿದ್ಯುತ್ ಪ್ರವಾಹದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಪ್ರವಾಹ ಶೇ 20 ಇಳಿದರೆ ಶಕ್ತಿ ಶೇ 36 ಇಳಿಯುತ್ತದೆ. ಕಂಪ್ಯೂಟರ್ ಕಾಯಿಲ್ಲಿಗೆ ವಿದ್ಯುತ್ ಹರಿಸುವ ಅವಧಿಯನ್ನು ಹಿಗ್ಗಿಸಿ ಇದನ್ನು ಕೊಂಚ ಸರಿತೂಗಿಸುತ್ತದೆ. ಆದರೆ ಒಳಗಿನ ಇನ್ಸುಲೇಷನ್ ಬಿರುಕು ಬಿಟ್ಟಿದ್ದರೆ ಅದರಿಂದ ಪ್ರಯೋಜನವಿಲ್ಲ. ತಣ್ಣಗಿರುವಾಗ ಮಲ್ಟಿಮೀಟರಿನಲ್ಲಿ ಸರಿಯಾದ ಓಂ ತೋರಿಸಿದ ಕಾಯಿಲ್ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಬಾರದು. ಮಲ್ಟಿಮೀಟರ್ ಕಾಯಿಲ್ಲಿಗೆ ಕೊಡುವುದು ಕೆಲವೇ ವೋಲ್ಟ್, ಅದು ಕೆಲಸ ಮಾಡಬೇಕಿರುವುದು 30,000 ವೋಲ್ಟಿನ ಹತ್ತಿರ. ಏಪ್ರಿಲ್ ಮಧ್ಯಾಹ್ನ ಕಾಣಿಸಿಕೊಂಡು ರಾತ್ರಿ ಮಾಯವಾಗುವ ಮಿಸ್ಸಿಂಗ್ ಇದ್ದರೆ ಮೊದಲ ಅನುಮಾನ ಕಾಯಿಲ್ಲಿನ ಮೇಲಿರಲಿ. ಪರೀಕ್ಷೆ ಎಂಜಿನ್ ಕಾದಿರುವಾಗಲೇ ಆಗಲಿ.

ಈಗ ಸ್ಕ್ಯಾನರಿನ ಮಾತು. ಭಾರತದಲ್ಲಿ ಒಬಿಡಿ-2 2013ರ ಏಪ್ರಿಲ್‌ನಿಂದ ಕಾರುಗಳಿಗೆ ಕಡ್ಡಾಯ. ಎಂಜಿನ್ನಿನ ದೋಷವನ್ನು ತಾನೇ ಗುರುತಿಸಿ ಕೋಡ್ ಆಗಿ ಬರೆದಿಡುವ ವ್ಯವಸ್ಥೆ ಇದು. ಕೋಡ್ ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಪಿ0302 ಎರಡನೆಯದು, ಪಿ0303 ಮೂರನೆಯದು. ಪಿ0300 ಎಂದರೆ ಇಂಥದೇ ಸಿಲಿಂಡರ್ ಎಂದು ಹೇಳಲಾಗದ ಮಿಸ್‌ಫೈರ್. ಕಂಪ್ಯೂಟರ್ ಇದನ್ನು ಕಿಡಿ ನೋಡಿ ಹೇಳುವುದಿಲ್ಲ, ಕ್ರ್ಯಾಂಕ್‌ಶಾಫ್ಟಿನ ವೇಗ ನೋಡಿ ಹೇಳುತ್ತದೆ. ಶಾಫ್ಟಿನ ಚಕ್ರಕ್ಕೆ ಸಾಮಾನ್ಯವಾಗಿ 60 ಹಲ್ಲಿನ ಜಾಗದಲ್ಲಿ 58 ಹಲ್ಲು, ಒಂದೊಂದಕ್ಕೆ 6 ಡಿಗ್ರಿ ಕೋನ. 3,000 ಸುತ್ತಿನಲ್ಲಿ ಒಂದು ಹಲ್ಲು ಹಾದುಹೋಗಲು 0.33 ಮಿಲಿಸೆಕೆಂಡ್. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ 240 ಡಿಗ್ರಿಗೆ ಒಂದು ಸ್ಫೋಟ ನಡೆಯಬೇಕು. ಯಾವ 240 ಡಿಗ್ರಿಯಲ್ಲಿ ವೇಗ ಕುಸಿಯಿತೋ ಆ ಸಿಲಿಂಡರಿನ ಲೆಕ್ಕಕ್ಕೆ ಒಂದು ಮಿಸ್‌ಫೈರ್ ಸೇರುತ್ತದೆ.

ಎಣಿಕೆಗೆ ಎರಡು ಕಿಟಕಿಗಳಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ನಿಯಮ ರೂಪಿಸಿದ ಪದ್ಧತಿಯಲ್ಲಿ ಪ್ರತಿ 200 ಸುತ್ತಿಗೊಮ್ಮೆ ಕ್ಯಾಟಲಿಟಿಕ್ ಕನ್ವರ್ಟರಿಗೆ ಹಾನಿಯಾಗುವಷ್ಟು ಮಿಸ್‌ಫೈರ್ ಆಯಿತೇ ಎಂದೂ, ಪ್ರತಿ 1,000 ಸುತ್ತಿಗೊಮ್ಮೆ ಹೊಗೆಯ ಮಿತಿ ಮೀರುವಷ್ಟು ಆಯಿತೇ ಎಂದೂ ನೋಡಲಾಗುತ್ತದೆ. 3,000 ಸುತ್ತಿನಲ್ಲಿ ಮೊದಲ ಕಿಟಕಿ 4 ಸೆಕೆಂಡ್, 300 ಕಿಡಿ. ಎರಡನೆಯದು 20 ಸೆಕೆಂಡ್, 1,500 ಕಿಡಿ. ಎರಡನೆಯದರ ಮಿತಿ ಶೇ 2 ಎಂದಾದರೆ 30 ತಪ್ಪಿದ ಕಿಡಿ ಸಾಕು. ಚೆಕ್ ಎಂಜಿನ್ ಲೈಟ್ ಸುಮ್ಮನೆ ಉರಿದರೆ ಎರಡನೆಯ ಕಿಟಕಿಯ ದೂರು, ಮಿನುಗಿದರೆ ಮೊದಲನೆಯದು.

ಸಂಡೂರಿನ ಅದಿರು ಲಾರಿಗಳು ಕೆಡಿಸಿದ ರಸ್ತೆಗಳಲ್ಲಿ ಒಂದು ಎಚ್ಚರಿಕೆ ಬೇಕು. ಗುಂಡಿಗೆ ಚಕ್ರ ಬಿದ್ದಾಗಿನ ಕುಲುಕು ಆಕ್ಸಲ್ ಮೂಲಕ ಕ್ರ್ಯಾಂಕ್‌ಶಾಫ್ಟಿಗೂ ತಲುಪುತ್ತದೆ. ಕಂಪ್ಯೂಟರ್ ಅದನ್ನು ಮಿಸ್‌ಫೈರ್ ಎಂದು ಎಣಿಸಬಹುದು. ಎಬಿಎಸ್ ಸೆನ್ಸರಿನ ನೆರವಿನಿಂದ ಹದಗೆಟ್ಟ ರಸ್ತೆಯನ್ನು ಗುರುತಿಸುವ ಕಾರುಗಳೂ ಇವೆ, ಆದರೂ ಪಿ0300 ಒಂದೇ ಬಂದು ಗಾಡಿಯಲ್ಲಿ ಏನೂ ತೊಂದರೆ ಕಾಣದಿದ್ದರೆ ಫ್ರೀಜ್ ಫ್ರೇಮ್ ನೋಡಬೇಕು. ಕೋಡ್ ಬಂದ ಕ್ಷಣದ ವೇಗ, ಹೊರೆ, ಉಷ್ಣತೆಗಳ ದಾಖಲೆ ಅದು. ಕೋಡ್ ಅಳಿಸುವ ಮೊದಲು ಅದನ್ನು ಫೋಟೊ ತೆಗೆದಿಡಬೇಕು. ಅಳಿಸಿದರೆ ಅದೂ ಹೋಗುತ್ತದೆ.

ಸಿಲಿಂಡರ್ ಗೊತ್ತಾದ ಮೇಲಿನ ಕೆಲಸಕ್ಕೆ ಭಾಗದ ಖರ್ಚು ಸೊನ್ನೆ. ಪಿ0301 ಬಂದಿದ್ದರೆ ಒಂದನೇ ಕಾಯಿಲ್ಲನ್ನು ಎರಡಕ್ಕೆ, ಎರಡನೆಯದನ್ನು ಒಂದಕ್ಕೆ ಹಾಕಿ, ಕೋಡ್ ಅಳಿಸಿ, ಅದೇ ಚಡಾವಿನಲ್ಲಿ ಮತ್ತೆ ಓಡಿಸಬೇಕು. ಕೋಡ್ ಪಿ0302ಕ್ಕೆ ಹಾರಿದರೆ ಕಾಯಿಲ್ಲೇ ಕೆಟ್ಟಿದೆ. ಪಿ0301ರಲ್ಲೇ ನಿಂತರೆ ಕಾಯಿಲ್ ನಿರ್ದೋಷಿ, ಇದೇ ರೀತಿ ಪ್ಲಗ್ ಅದಲು ಬದಲು ಮಾಡಬೇಕು. ಅದಕ್ಕೂ ಜಗ್ಗದಿದ್ದರೆ ವೈರಿಂಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್. ಈ ಹೊತ್ತಿಗೆ ಖರ್ಚಾದದ್ದು ಸ್ಕ್ಯಾನಿಗೆ ₹500, ಕೂಲಿ ₹600, ಒಟ್ಟು ₹1,100. ಊಹೆಯ ದಾರಿಯ ಶೇ 9. ಮೂರು ಪ್ಲಗ್, ಮೂರು ಕಾಯಿಲ್ ಸೇರಿದ ಆರು ಭಾಗಗಳಲ್ಲಿ ಅನುಮಾನ ಉಳಿಯುವುದು ಒಂದರ ಮೇಲೆ, ಅಥವಾ ಯಾವುದರ ಮೇಲೂ ಇಲ್ಲ. ಹೊಸಪೇಟೆಯ ಗ್ಯಾರೇಜುಗಳಿಗೆ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ಮಾಲೀಕರು ಅರ್ಧ ಗಂಟೆ ಕಾಯಲು ಒಪ್ಪಿ, ಪರೀಕ್ಷೆಯ ಕೂಲಿಯನ್ನು ಚೌಕಾಸಿ ಇಲ್ಲದೆ ಕೊಟ್ಟರೆ ನಡೆಯುವ ಕೆಲಸ. ಭಾಗಕ್ಕೆ ಮಾತ್ರ ದುಡ್ಡು ಕೊಡುತ್ತೇನೆ, ಹುಡುಕಿದ್ದಕ್ಕೆ ಕೊಡುವುದಿಲ್ಲ ಎನ್ನುವ ಗಿರಾಕಿಗೆ ಭಾಗಗಳೇ ಸಿಗುತ್ತವೆ.

ಲೈಟ್ ಮಿನುಗುತ್ತಿರುವಾಗ ಓಡಿಸುವುದರ ಬೆಲೆ ಇನ್ನೂ ದೊಡ್ಡದು. ಲೀಟರಿಗೆ 15 ಕಿ.ಮೀ. ಕೊಡುವ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಂಟೆಗೆ 4 ಲೀಟರ್ ಕುಡಿಯುತ್ತದೆ. ಒಂದು ಸಿಲಿಂಡರ್ ಉರಿಯದಿದ್ದರೆ ಅದರ ಪಾಲಿನ 1.33 ಲೀಟರ್ ಹಸಿಯಾಗಿಯೇ ಹೊರಗೆ ಹೋಗಿ ಕನ್ವರ್ಟರಿನೊಳಗೆ ಉರಿಯುತ್ತದೆ. ಹೊಗೆಯ ವಿಷವನ್ನು ಕಡಿಮೆ ಮಾಡಲು ಪಲ್ಲೇಡಿಯಂ, ರೋಡಿಯಂನಂಥ ಲೋಹ ಲೇಪಿಸಿದ ಜೇನುಗೂಡಿನ ಪೆಟ್ಟಿಗೆ ಅದು. ಆ ಉರಿಯ ಲೆಕ್ಕ ಸುಮಾರು 11 ಕಿಲೊವ್ಯಾಟ್. ಮನೆಯ 2 ಕಿಲೊವ್ಯಾಟ್ ಗೀಸರ್ ಐದೂವರೆ ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ಉರಿದಂತೆ. 1,000 ಡಿಗ್ರಿ ಮೀರಿದರೆ ಒಳಗಿನ ಲೇಪ ಕೆಡುತ್ತದೆ, ಇನ್ನೂ ಏರಿದರೆ ಜೇನುಗೂಡೇ ಕರಗುತ್ತದೆ. ಕನ್ವರ್ಟರ್ ₹45,000 ಎಂದಿಟ್ಟುಕೊಂಡರೆ ಒಂದು ಕಾಯಿಲ್ಲಿನ 15 ಪಟ್ಟು. ಕೆಲವು ಕಾರುಗಳಲ್ಲಿ ಕಂಪ್ಯೂಟರ್ ಆ ಸಿಲಿಂಡರಿನ ಇಂಜೆಕ್ಟರನ್ನೇ ನಿಲ್ಲಿಸಿ ಕನ್ವರ್ಟರನ್ನು ಕಾಯುತ್ತದೆ. ಎಲ್ಲ ಕಾರುಗಳಲ್ಲೂ ಹಾಗಿದೆ ಎಂದು ನಂಬಿಕೊಂಡು ಬಳ್ಳಾರಿಯವರೆಗೆ 60 ಕಿ.ಮೀ.ಗೂ ಹೆಚ್ಚು ಓಡಿಸಬಾರದು. ಲೈಟ್ ಮಿನುಗಿದರೆ ಆಕ್ಸಿಲರೇಟರ್ ಬಿಟ್ಟು, ಪಕ್ಕಕ್ಕೆ ನಿಲ್ಲಿಸಿ, ಟೋಯಿಂಗ್ ಕರೆಯುವುದೇ ಅಗ್ಗ.

ಏರ್ ಫಿಲ್ಟರಿನ ಬಗ್ಗೆ ಸಂಡೂರು ಸೀಮೆಯಲ್ಲಿ ಬಹಳ ಮಾತು ಕೇಳುತ್ತದೆ. ಅದಕ್ಕೆ ಕಾರಣವೂ ಇದೆ. ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತ್ತು. ಮತ್ತೆ ಆರಂಭವಾದಾಗ ವಿಧಿಸಿದ ಉತ್ಪಾದನೆಯ ಮಿತಿಯನ್ನು 2022ರ ಆಗಸ್ಟಿನಲ್ಲಿ ಬಳ್ಳಾರಿಗೆ ವರ್ಷಕ್ಕೆ 2.8 ಕೋಟಿ ಟನ್ನಿನಿಂದ 3.5 ಕೋಟಿ ಟನ್ನಿಗೆ ಏರಿಸಿತು, ಶೇ 25ರ ಏರಿಕೆ. ಅದರಲ್ಲಿ 10 ಲಕ್ಷ ಟನ್ ರಸ್ತೆಯಲ್ಲಿ ಸಾಗಿದರೂ 25 ಟನ್ನಿನ ಟಿಪ್ಪರುಗಳಿಗೆ 40,000 ಟ್ರಿಪ್. ಆದರೆ ದೂಳನ್ನು ಅಳೆದು ನೋಡಿದರೆ ಚಿತ್ರ ಬೇರೆ. ಹೊಸಪೇಟೆಯ ಬಿಸಿಲಿನಲ್ಲಿ ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9.6 ಘನ ಮೀಟರ್ ಗಾಳಿ ಬೇಕು. ವರ್ಷಕ್ಕೆ 15,000 ಕಿ.ಮೀ. ಓಡುವ ಕಾರು 1,000 ಲೀಟರ್ ಉರಿಸಿ 9,600 ಘನ ಮೀಟರ್ ಗಾಳಿ ಎಳೆಯುತ್ತದೆ. ಗಾಳಿಯ ದೂಳು ದಿನದ ರಾಷ್ಟ್ರೀಯ ಮಿತಿಯಷ್ಟೇ, ಅಂದರೆ ಘನ ಮೀಟರಿಗೆ 100 ಮೈಕ್ರೊಗ್ರಾಂ ಇದ್ದರೆ, ವರ್ಷವಿಡೀ ಫಿಲ್ಟರಿಗೆ ಬರುವುದು 1 ಗ್ರಾಂಗಿಂತ ಕಡಿಮೆ. ಟಿಪ್ಪರುಗಳ ಬೆನ್ನಿಗೇ ಓಡುತ್ತ ಅದರ 50 ಪಟ್ಟು ದೂಳು ಕುಡಿದರೆ 48 ಗ್ರಾಂ. ಹೀಗಾಗಿ ಫಿಲ್ಟರ್ ಬದಲಾವಣೆಯನ್ನು ಕಿಲೊಮೀಟರಿಗಿಂತ ದಾರಿ ನೋಡಿ ತೀರ್ಮಾನಿಸುವುದು ಸರಿ. ಹೊಸಪೇಟೆ–ಹಂಪಿ ನಡುವೆ ಓಡುವ ಕಾರಿಗೆ ಕಂಪನಿ ಹೇಳಿದ ಅವಧಿ ಸಾಕು, ಗಣಿ ದಾರಿಯ ಕಾರಿಗೆ ಸಾಲದು. ಕಟ್ಟಿಕೊಂಡ ಫಿಲ್ಟರ್ ಎಳೆತ ಕಡಿಮೆ ಮಾಡುತ್ತದೆ. ಒಂದೇ ಸಿಲಿಂಡರಿನ ಮಿಸ್‌ಫೈರನ್ನು ಅದು ಉಂಟುಮಾಡದು, ಏಕೆಂದರೆ ಮೂರಕ್ಕೂ ಗಾಳಿ ಬರುವುದು ಅದೊಂದರಿಂದಲೇ.

ಎಥೆನಾಲ್ ಬಗೆಗಿನ ದೂರುಗಳಿಗೂ ಇಂಥದೇ ಅಳತೆ ಬೇಕು. ಪೆಟ್ರೋಲಿನಲ್ಲಿ ಎಥೆನಾಲಿನ ಸರಾಸರಿ ಪಾಲು 2013–14ರಲ್ಲಿ ಶೇ 1.53 ಇತ್ತು. 2021–22ರಲ್ಲಿ ಶೇ 10.02, 2022–23ರಲ್ಲಿ 12.06, 2023–24ರಲ್ಲಿ 14.6, ಆಮೇಲೆ 20ರ ಗುರಿ. ಈ ಕೊನೆಯ ಎರಡು ವರ್ಷಗಳ ಏರಿಕೆ ಕ್ರಮವಾಗಿ 2.04 ಮತ್ತು 2.54 ಅಂಶ. ಶುದ್ಧ ಪೆಟ್ರೋಲಿನ ಒಂದು ಕೆ.ಜಿ.ಗೆ 14.7 ಕೆ.ಜಿ. ಗಾಳಿ ಬೇಕಾದರೆ ಶೇ 20 ಎಥೆನಾಲ್ ಬೆರೆತ ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಶೇ 8ರಿಂದ 9ರಷ್ಟು ಹೆಚ್ಚು ಇಂಧನ ಸುರಿಯಬೇಕು. ಕಂಪ್ಯೂಟರ್ ಆಮ್ಲಜನಕ ಸೆನ್ಸರ್ ನೋಡಿ ಈ ತಿದ್ದುಪಡಿ ಮಾಡುತ್ತದೆ. ಸ್ಕ್ಯಾನರಿನಲ್ಲಿ ಇದು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಎಂದು ಕಾಣುತ್ತದೆ. ಶೂನ್ಯದಿಂದ 10 ಅಂಶ ಆಚೀಚೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಎಥೆನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ ಹಳೆಯ ಟರ್ಬೊ ಕಾರಿನಲ್ಲಿ ಇ20 ಹಾಕಿದ ಮೇಲೆ +8 ಕಂಡರೆ ಅದು ಇಂಧನದ ಲೆಕ್ಕ, ದೋಷವಲ್ಲ. ಆದರೆ ಆ ಕಾರಿಗೆ ಉಳಿದಿರುವ ಅವಕಾಶ ಕಡಿಮೆ. ಟರ್ಬೊಗೆ ಗಾಳಿ ತರುವ ಹೋಸಿನಲ್ಲಿ ಸಣ್ಣ ಬಿರುಕು ಬಿಟ್ಟರೂ ಅದು ಬೇಗ ಪಿ0171, ಅಂದರೆ ಇಂಧನ ಸಾಲದು ಎಂಬ ಕೋಡ್ ಕೊಡಬಹುದು.

ಮೈಲೇಜಿನ ಇಳಿತವನ್ನೂ ಹೀಗೇ ಬೇರ್ಪಡಿಸಬಹುದು. ಇ20ಯಿಂದ ಮೈಲೇಜ್ ಅದಕ್ಕೆ ಹೊಂದಿಸಿದ ಕಾರಿನಲ್ಲಿ ಶೇ 1ರಿಂದ 2, ಉಳಿದವುಗಳಲ್ಲಿ ಶೇ 3ರಿಂದ 6 ಇಳಿಯಬಹುದೆಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ಹೇಳಿತು. ತಿಂಗಳಿಗೆ 1,000 ಕಿ.ಮೀ., ಲೀಟರಿಗೆ 15 ಕಿ.ಮೀ., ಪೆಟ್ರೋಲಿಗೆ ₹104 ಎಂದಾದರೆ ತಿಂಗಳ ಖರ್ಚು ₹6,933. ಮೈಲೇಜ್ ಶೇ 6 ಇಳಿದರೆ ₹7,376, ಹೆಚ್ಚಳ ₹443. ಶೇ 20 ಇಳಿದು ಲೀಟರಿಗೆ 12 ಕಿ.ಮೀ. ಆದರೆ ₹8,667, ಹೆಚ್ಚಳ ₹1,734. ಮೊದಲನೆಯದನ್ನು ಎಥೆನಾಲಿನ ಲೆಕ್ಕಕ್ಕೆ ಬರೆಯಬಹುದು, ಎರಡನೆಯದನ್ನು ಬರೆಯಲಾಗದು. ಎರಡನೆಯದನ್ನು ಹೊತ್ತುಕೊಂಡು ಎರಡು ತಿಂಗಳು ಓಡಿಸಿದರೆ ಒಂದು ಕಾಯಿಲ್ಲಿನ ದುಡ್ಡು ಪೆಟ್ರೋಲಿನಲ್ಲೇ ಹೋಗಿರುತ್ತದೆ.

ಕಾಯಿಲ್, ಪ್ಲಗ್ ಎರಡೂ ನಿರ್ದೋಷಿ ಎಂದಾದಾಗ ಮಾಡುವ ಕಂಪ್ರೆಷನ್ ಪರೀಕ್ಷೆಗೆ, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯಲು, ಪ್ಲಗ್ ಬಿಚ್ಚಿ ಆ ತೂತಿಗೆ ಗೇಜ್ ಹಾಕಿದರೆ ಆಯಿತು. ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ 15 ಮೀರಬಾರದು. 12, 12, 9.5 ಬಾರ್ ಬಂದರೆ ವ್ಯತ್ಯಾಸ ಶೇ 21, ದೋಷ ವಾಲ್ವ್ ಅಥವಾ ಪಿಸ್ಟನ್ ರಿಂಗಿನದು. ಇನ್ನೊಂದು ಅಗ್ಗದ ಸಾಕ್ಷಿ ಮಾಲಿನ್ಯ ತಪಾಸಣೆಯ ಚೀಟಿ. ಬಿಎಸ್-4 ಮತ್ತು ನಂತರದ ಪೆಟ್ರೋಲ್ ಕಾರಿಗೆ ನಿಂತಲ್ಲಿ ಓಡುವಾಗ ಕಾರ್ಬನ್ ಮಾನಾಕ್ಸೈಡ್ ಶೇ 0.3, ಹೈಡ್ರೊಕಾರ್ಬನ್ 200 ಪಿಪಿಎಂ ಮಿತಿ. ಹಿಂದಿನ ಚೀಟಿಗಿಂತ ಹೈಡ್ರೊಕಾರ್ಬನ್ ಹಲವು ಪಟ್ಟು ಏರಿದ್ದರೆ ಉರಿಯದ ಪೆಟ್ರೋಲ್ ಹೊರಬರುತ್ತಿದೆ ಎಂದರ್ಥ. ಹಳೆಯ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳುವುದು ಒಳ್ಳೆಯದು.

ಎಂಜಿನ್ ಆಯಿಲ್ ಕೂಡ ಕಿಡಿಯ ಕಥೆಗೆ ಸೇರಿದ್ದೇ. ಚಿಕ್ಕ ಟರ್ಬೊ ಎಂಜಿನ್ 1,500ರಿಂದ 2,000 ಸುತ್ತಿನಲ್ಲಿ ಭಾರ ಎಳೆಯುವಾಗ ಆಯಿಲ್ ಹನಿಗಳಿಂದ ಇಂಧನ ಕಿಡಿಗೆ ಮುಂಚೆಯೇ ಹೊತ್ತಿಕೊಳ್ಳಬಹುದು. ಪಿಸ್ಟನ್ ಒಡೆಯುವಷ್ಟು ತೀವ್ರ ಸ್ಫೋಟ ಅದು. ಇದನ್ನು ತಡೆಯುವ, ಆಯಿಲ್ ಗುಣಮಟ್ಟ ಸೂಚಿಸುವ ಎಪಿಐ ದರ್ಜೆಗಳು 2018ರಲ್ಲಿ ಬಂದ ಎಸ್‌ಎನ್ ಪ್ಲಸ್, 2020ರಲ್ಲಿ ಬಂದ ಎಸ್‌ಪಿ. ಡಬ್ಬಿಯ ಮೇಲೆ ಎಸ್‌ಪಿ ಅಥವಾ ಅದಕ್ಕೂ ಹೊಸ ದರ್ಜೆ ಇದೆಯೇ ನೋಡಿ ಕೊಳ್ಳಬೇಕು. ಚಡಾವಿನಲ್ಲಿ ಐದನೇ ಗೇರಿನಲ್ಲೇ ಎಳೆಸದೆ ಗೇರ್ ಇಳಿಸಬೇಕು. ಮೇಲೆ ಹೇಳಿದ ಪರೀಕ್ಷೆಯ ಓಟವನ್ನೂ 2,500 ಸುತ್ತಿನ ಮೇಲೆಯೇ ನಡೆಸಬೇಕು.

ಕಂಪ್ಲಿಯ ಕಾರುಗಳಿಗೆ ಬೇರೊಂದು ಅಂಕಿ ಮುಖ್ಯ: 0.5 ವೋಲ್ಟ್. ಗದ್ದೆಯೂ ಅಕ್ಕಿ ಗಿರಣಿಯೂ ಇರುವ ಊರಿನಲ್ಲಿ ಇಲಿಗಳು ಬಾನೆಟ್ಟಿನೊಳಗೆ ಸೇರಿ ವೈರು ಕಡಿಯುತ್ತವೆ. ಆಗ ಬರುವುದು ಹೆಚ್ಚಾಗಿ ಪಿ0351ರಿಂದ ಪಿ0353ರವರೆಗಿನ, ಕಾಯಿಲ್ ಸರ್ಕ್ಯೂಟಿನ ಕೋಡುಗಳು. ಕಾಯಿಲ್ ಬದಲಿಸುವ ಮುನ್ನ ಬ್ಯಾಟರಿಯಿಂದ ಕಾಯಿಲ್ ಕನೆಕ್ಟರಿನವರೆಗೆ ಎಷ್ಟು ವೋಲ್ಟ್ ಸೋರಿದೆ ಎಂದು ವಿದ್ಯುತ್ ಹರಿಯುತ್ತಿರುವಾಗ ಅಳೆಯಬೇಕು. 0.2 ಸರಿ, 0.5 ಮೀರಿದರೆ ವೈರ್ ಅಥವಾ ಕನೆಕ್ಟರ್ ಕೆಟ್ಟಿದೆ. 12ರಲ್ಲಿ 0.5 ಎಂದರೆ ಶೇ 4ರಷ್ಟೇ, ಆದರೆ ಶಕ್ತಿಯ ಲೆಕ್ಕದಲ್ಲಿ ಶೇ 8. ಕಡಿದ ಒಂದು ವೈರನ್ನು ಬೆಸುಗೆ ಹಾಕಿ ಸುತ್ತಿದರೆ ಕೆಲವು ನೂರು ರೂಪಾಯಿ, ಇಡೀ ವೈರಿಂಗ್ ಬದಲಿಸಿದರೆ ಹತ್ತಾರು ಸಾವಿರ.

ಬಾಡಿಗೆ ಕಾರುಗಳಿಗೆ ಮಾತ್ರ ಒಂದು ಭಾಗವನ್ನು ಮುಂಚೆಯೇ ಕೊಂಡಿಡುವುದು ಲಾಭ. ಹಂಪಿಗೆ ಪ್ರವಾಸಿಗರನ್ನು ಕರೆದೊಯ್ಯುವ ಕಾರು ವರ್ಷಕ್ಕೆ 60,000 ಕಿ.ಮೀ. ಓಡಿದರೆ 10,000 ಓಡುವ ಮನೆಯ ಕಾರಿನ ಆರು ವರ್ಷದ ಸವೆತ ಅದಕ್ಕೆ ಒಂದೇ ವರ್ಷದಲ್ಲಿ. ಕಾಯಿಲ್ ಹೊಸಪೇಟೆಯಲ್ಲಿ ಸಿಗದೆ ಬಳ್ಳಾರಿಯಿಂದಲೋ 145 ಕಿ.ಮೀ. ದೂರದ ಹುಬ್ಬಳ್ಳಿಯಿಂದಲೋ ಬರಬೇಕಾಗಿ ಎರಡು ದಿನ ನಿಂತರೆ, ದಿನಕ್ಕೆ ₹2,500 ಬಾಡಿಗೆಯ ಲೆಕ್ಕದಲ್ಲಿ ₹5,000 ನಷ್ಟ. ಡಿಕ್ಕಿಯಲ್ಲಿರುವ ₹3,000ದ ಕಾಯಿಲ್ ಇಂದಲ್ಲ ನಾಳೆ ಬಳಕೆಗೆ ಬರುವಂಥದ್ದು, ಹಾಗಾಗಿ ಅದು ಹೆಚ್ಚುವರಿ ಖರ್ಚೂ ಅಲ್ಲ. ಬಹುತೇಕ ಕಾರುಗಳಲ್ಲಿ ಕಾಯಿಲ್ ನಿಂತಿರುವುದು ಒಂದು ಬೋಲ್ಟ್, ಒಂದು ಕನೆಕ್ಟರಿನ ಮೇಲೆ. ಕೀ ತೆಗೆದು, ಎಂಜಿನ್ ಆರಲು ಬಿಟ್ಟು ಬದಲಿಸಿದರೆ ಹದಿನೈದು ನಿಮಿಷದ ಕೆಲಸ.